ಒಂದು ಸೆಕೆಂಡು, ಹತ್ತು ಫ್ರೇಮು

ಉಪ್ಪಳದ ಆ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದು ಜಗಳಕ್ಕೇ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಎಂತೆಂತ ಬಯ್ಯಬೇಕು ಅಂತ ಜೋಡಿಸಿಕೊಂಡೇ ಬಂದಿದ್ದೆ.

ನಾನು ಗಡಿನಾಡಿನ ಬಾಯಾರು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಮಲಯಾಳದಲ್ಲಿ ಪಾಠದ ವಿಡಿಯೋ ಬೇಕಾದಷ್ಟು ಉಂಟು, ನಮ್ಮ ಮಕ್ಕಳಿಗೆ ಹುಡುಕಿದರೂ ಸಿಗುವುದಿಲ್ಲ. ಅದಕ್ಕೂ ನನಗೆ ಸಿಟ್ಟೇ. ನಾವೇ ಮಾಡುವ ಅಂತ ಹೊರಟು, ಉಪ್ಪಳದಿಂದ ಮದುವೆ ವಿಡಿಯೋ ಮಾಡುವವನನ್ನು ಕರೆಸಿ ನನ್ನ ಮೂರನೇ ಕ್ಲಾಸನ್ನೇ ಶೂಟ್ ಮಾಡಿಸಿದೆವು.

ಆ ಕ್ಲಾಸಿನಲ್ಲಿ ಮಾತು ತೊದಲುವ ಹುಡುಗಿ ಒಬ್ಬಳಿದ್ದಳು. ಉತ್ತರ ಗೊತ್ತಿರುತ್ತದೆ, ಮೊದಲ ಅಕ್ಷರ ಬಾಯಲ್ಲೇ ಸಿಕ್ಕಿಬೀಳುತ್ತದೆ. ಒಂದನೇ ಕ್ಲಾಸಿನಿಂದಲೂ ಅವಳಿಗೆ ನಾನೇ ಟೀಚರು. ಅವಳಿಗಾಗಿ ಕಾಯುವ ತಾಳ್ಮೆ ಇರುವುದು ನನಗೊಬ್ಬಳಿಗೇ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಶೂಟಿಂಗಿನ ದಿನ ಬೇಕೆಂದೇ ಅವಳನ್ನು ಎಬ್ಬಿಸಿ, ಜೇನುಹುಳ ಗೂಡು ಕಟ್ಟುವುದು ಯಾವುದರಿಂದ ಅಂತ ಕೇಳಿದೆ.

ವಿಡಿಯೋ ವಾಟ್ಸಾಪ್ ಗ್ರೂಪಿಗೆ ಬಂದ ದಿನವೇ ಅವಳ ಅಮ್ಮನ ಫೋನು. "ಟೀಚರ್, ಇವಳು ಇನ್ನು ಶಾಲೆಗೆ ಬರುವುದಿಲ್ಲ ಅಂತ ಕೂತಿದ್ದಾಳೆ. ಬಾಯಿ ತೆರೆಯುವಷ್ಟರಲ್ಲಿ ನೀವೇ 'ಮೇಣ' ಅಂತ ಹೇಳಿ ಕೂರಿಸಿದ್ದೀರಿ. ಊರಿಡೀ ನೋಡಿತು."

ತೆರೆದು ನೋಡಿದೆ. ಹೌದು, ಹಾಗೇ ಉಂಟು. ಮೈಯೆಲ್ಲ ಉರಿದುಹೋಯಿತು. ನಾನು ಕಾದ ಹೊತ್ತನ್ನೆಲ್ಲ ಆ ಪುಣ್ಯಾತ್ಮ ಕತ್ತರಿಸಿ ಬಿಸಾಡಿದ್ದಾನೆ! ಡ್ಯೂರೇಶನ್ ಹತ್ತು ನಿಮಿಷ ದಾಟಬಾರದು ಅಂತ ಅವ ಮೊದಲೇ ಹೇಳಿದ್ದನಲ್ಲ.

ಸ್ಟುಡಿಯೋದೊಳಗೆ ಕಾಲಿಟ್ಟವಳೇ ಶುರುಮಾಡಿದೆ: "ಎಂತ ಮಾರಾಯ ನೀನು ಮಾಡಿದ್ದು? ನಿನ್ನ ಹತ್ತು ನಿಮಿಷಕ್ಕೆ ಬೆಂಕಿ ಬೀಳ! ಮಗು ಶಾಲೆ ಬಿಡ್ತಾ ಉಂಟು, ಗೊತ್ತುಂಟಾ?"

"ಟೀಚರೇ, ಆ ಜಾಗ ನಾನು ಮುಟ್ಟಲೇ ಇಲ್ಲ."

"ಸುಳ್ಳು ಹೇಳಬೇಡ!"

ಅವ ಕ್ಯಾಮೆರಾದಿಂದ ಬಂದ ಮೂಲ ಫೈಲನ್ನೇ ತೆರೆದ. "ಕೆಳಗೆ ಓಡುವ ನಂಬ್ರ ನೋಡಿ, ಇದು ಟೈಮ್‌ಕೋಡ್. ಗಂಟೆ, ನಿಮಿಷ, ಸೆಕೆಂಡು, ಕೊನೆಯದ್ದು ಫ್ರೇಮು. ಇಪ್ಪತ್ತೈದು ಫ್ರೇಮಿಗೆ ಒಂದು ಸೆಕೆಂಡು. ಮಧ್ಯ ಕತ್ತರಿಸಿದರೆ ನಂಬ್ರ ಹಾರ್ತದೆ. ಹಾರ್ತದಾ ನೀವೇ ನೋಡಿ."

ಹಾರಲಿಲ್ಲ. ಆರು ನಿಮಿಷ, ಹನ್ನೆರಡು ಸೆಕೆಂಡು, ಹತ್ತು ಫ್ರೇಮಿಗೆ ನನ್ನ ಪ್ರಶ್ನೆ ಮುಗಿಯಿತು. ಅವ ಒಂದೊಂದೇ ಫ್ರೇಮು ಒತ್ತುತ್ತ ಹೋದ. ಹುಡುಗಿಯ ತುಟಿಗಳು ಕೂಡಿದವು. ಕೂಡಿಕೊಂಡೇ ಇದ್ದವು. ಆರು ನಿಮಿಷ, ಹದಿಮೂರು ಸೆಕೆಂಡು, ಇಪ್ಪತ್ತು ಫ್ರೇಮಿಗೆ ನನ್ನ ಬಾಯಿ ತೆರೆಯಿತು.

"ನಿನ್ನ ಮಿಷಿನ್ನೇ ಸರಿ ಇಲ್ಲ" ಅಂದೆ. ಅವ ಇನ್ನೊಮ್ಮೆ ತೋರಿಸಿದ. ಮತ್ತೂ ಒಮ್ಮೆ. ನನ್ನ ಪ್ರಶ್ನೆಗೂ ನನ್ನದೇ ಉತ್ತರಕ್ಕೂ ನಡುವೆ ಅದೇ ಒಂದು ಸೆಕೆಂಡು, ಹತ್ತು ಫ್ರೇಮು.

"ನಾನು ಕತ್ತರಿಸಿದ್ದು ಒಂದೇ ಕಡೆ, ಟೀಚರೇ. ನೀವು ಚಾಕ್‌ಪೀಸ್ ಹುಡುಕಿದ್ದು, ಹದಿನೆಂಟು ಸೆಕೆಂಡು."

ಚಾಕ್‌ಪೀಸಿಗೆ ಹದಿನೆಂಟು! ಥೂ ನನ್ನ ಜನ್ಮಕ್ಕೆ. ಕಾಯುತ್ತೇನೆ, ಕಾಯುತ್ತೇನೆ ಅಂತ ಊರಿಗೆಲ್ಲ ಡಂಗುರ ಹೊಡೆದವಳು ನಾನು. ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ವಾಪಸು ಹೋಗುವ ಬಸ್ಸಿನಲ್ಲಿ ನನಗೇ ಬಯ್ದುಕೊಂಡೆ.

ಮನೆಗೆ ಹೋಗಲಿಲ್ಲ, ಸೀದಾ ಆ ಹುಡುಗಿಯ ಮನೆಗೇ ಹೋದೆ. ಬಾಗಿಲ ಹಿಂದೆ ನಿಂತವಳನ್ನು ಕರೆದು ಎದುರು ಕೂರಿಸಿ, ತಪ್ಪಾಯಿತು ಮಗಾ ಅಂದೆ. ಮತ್ತೆ ಅದೇ ಪ್ರಶ್ನೆ ಕೇಳಿ, ಕೈ ಬೆನ್ನ ಹಿಂದೆ ಇಟ್ಟು ಸೆಕೆಂಡಿಗೊಂದು ಬೆರಳು ಎಣಿಸತೊಡಗಿದೆ. ನಾಲ್ಕು. ಐದು. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಏಳಕ್ಕೆ ಅವಳ ಅಮ್ಮ "ಅದೇ ಮಗಾ, ಮೇ…" ಅಂತ ಶುರುಮಾಡಿದರು.

"ನೀವು ಸುಮ್ಮನಿರಿ!" ಅಂತ ಗದರಿದೆ.

ಹತ್ತು ಬೆರಳೂ ಮುಗಿದವು. ಹನ್ನೊಂದಕ್ಕೆ ತುಟಿ ಬಿಟ್ಟಿತು: "ಮೇಣ."

ಮೂರು ವರ್ಷದಲ್ಲಿ ಆ ಹನ್ನೊಂದು ಸೆಕೆಂಡನ್ನು ನಾನು ಅವಳಿಗೆ ಒಂದು ಸಲವೂ ಕೊಟ್ಟಿರಲಿಲ್ಲ.