ಶಾಲೆಯ ಸುತ್ತ ನಿಂತ ಕುರಿಹಿಂಡು

ಕೋವಿಡ್ ಕಳೆದು ಶಾಲೆಗಳು ಮತ್ತೆ ಹಾದಿಗೆ ಬಂದಿದ್ದ ಕಾಲ. ನಾನು ಸಿಂಧನೂರು ತಾಲ್ಲೂಕಿನ ಕಾಲುವೆ ಸೀಮೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ನನ್ನ ಹುಟ್ಟೂರು ಮುದಗಲ್. ಜೋಳ, ತೊಗರಿಯ ಒಣ ನೆಲದಲ್ಲಿ ಬೆಳೆದ ನನಗೆ ಸುತ್ತಲೂ ಭತ್ತದ ಗದ್ದೆ ಇರುವ ಶಾಲೆ ಸಿಕ್ಕಿದ್ದು ಬಡ್ತಿ ಸಿಕ್ಕಷ್ಟೇ ಖುಷಿ ಕೊಟ್ಟಿತ್ತು.

ಶಾಲೆಯಲ್ಲಿ ಮೂರು ಬಗೆಯ ಮಕ್ಕಳಿದ್ದರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ಜಮೀನು ಹಿಡಿದವರ ವಸತಿಗೆ ನಮ್ಮಲ್ಲಿ ಕ್ಯಾಂಪ್ ಎನ್ನುತ್ತಾರೆ. ಮೊದಲನೆಯವರು ಆ ಕ್ಯಾಂಪಿನ ಮಕ್ಕಳು; ಮನೆಯಲ್ಲಿ ತೆಲುಗು, ಸಂಜೆ ಟ್ಯೂಷನ್. ಎರಡನೆಯವರು ಊರಿನ ರೈತರ, ಕೂಲಿಕಾರರ ಮಕ್ಕಳು. ಮೂರನೆಯವರು ಭತ್ತ ಕೊಯ್ದ ಮೇಲೆ ಬರುವವರು. ಮಸ್ಕಿ, ಲಿಂಗಸುಗೂರು ಕಡೆಯ ಕುರಿಗಾರರು ಆಗ ಹಿಂಡು ಹೊಡೆದುಕೊಂಡು ಕಾಲುವೆ ಸೀಮೆಗೆ ಇಳಿಯುತ್ತಾರೆ. ಹಗಲು ಕುರಿಗಳು ಕೊಯ್ದುಳಿದ ಕೂಳೆ ಮೇಯುತ್ತವೆ, ರಾತ್ರಿ ಅವನ್ನು ಅದೇ ಹೊಲದಲ್ಲಿ ತರುಬಿ ನಿಲ್ಲಿಸುತ್ತಾರೆ. ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳು. ಒಂದು ಹೊಲ ಮುಗಿದರೆ ಇನ್ನೊಂದು. ಅವರ ಮಕ್ಕಳು ಹಿಂಡು ಹತ್ತಿರವಿದ್ದಷ್ಟು ದಿನ ನಮ್ಮ ಶಾಲೆಗೆ ಬರುತ್ತಿದ್ದರು, ಹಿಂಡು ಎದ್ದರೆ ಅವರೂ ಏಳುತ್ತಿದ್ದರು.

ಆ ವರ್ಷ ಬಂದವರಲ್ಲಿ ಮಾಳಮ್ಮ ಒಬ್ಬಳು, ನಾಲ್ಕನೇ ತರಗತಿ. ಮಸ್ಕಿ ಕಡೆಯ ಬೀರಪ್ಪನ ಮಗಳು. ಅಕ್ಷರ ಗೊತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಸೇರಿಸುವ ದಿನವೇ ಬೀರಪ್ಪ ಹೇಳಿಬಿಟ್ಟಿದ್ದ: "ಈ ಸಲ ಓದಾಕ ಬಂದ್ರ ಬಂತ್ರೀ ಅಕ್ಕಾರ. ಇಲ್ಲಾಂದ್ರ ಮುಂದ ಮರಿ ಕಾಯಾಕ ಹಚ್ಚತೀನಿ." ಅವನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. 

ಹುಡುಗಿ ಆಗಷ್ಟೇ ಎರಡೆರಡು ಅಕ್ಷರ ಕೂಡಿಸತೊಡಗಿದ್ದಳು. ಅಷ್ಟರಲ್ಲಿ ಓದುವ ಸಾಮರ್ಥ್ಯದ ಪರೀಕ್ಷೆ ನಿಗದಿಯಾಯಿತು. ಬೇರೆ ಶಾಲೆಯ ಶಿಕ್ಷಕರು ಬಂದು ಪ್ರತಿ ಮಗುವಿನಿಂದ ಒಂದು ಪ್ಯಾರಾ ಓದಿಸುತ್ತಾರೆ. ಶಾಲೆಯ ಸರಾಸರಿ ತೆಗೆದು ಸಿಂಧನೂರಿನ ಸಭೆಯಲ್ಲಿ ಎಲ್ಲರೆದುರು ಓದುತ್ತಾರೆ. ಹಿಂದಿನ ವರ್ಷ ನಮ್ಮ ಶಾಲೆಗೆ ಚಪ್ಪಾಳೆ ಬಿದ್ದಿತ್ತು.

ಪರೀಕ್ಷೆಗೆ ಇನ್ನೂ ಕೆಲವು ದಿನ ಇರುವಾಗಲೇ ನಾಲ್ಕನೇ ತರಗತಿಯಲ್ಲಿ ಕುರಿಗಾರರ ಮಕ್ಕಳು ಕೂರುವ ಹಿಂದಿನ ಸಾಲು ಖಾಲಿಯಾಗಿತ್ತು. ತರಗತಿಯ ಶಿಕ್ಷಕ ಶಂಕ್ರಪ್ಪನವರನ್ನು ಕೇಳಿದೆ.

"ಹೋದ ವರ್ಷದಂಗ ಪರೀಕ್ಷಾ ಮುಗಿಯೋತನಕ ಮನ್ಯಾಗ ಇರ್ರಿ ಅಂದೀನ್ರೀ," ಎಂದರು.

"ಅವರ ಮನಿ ಎಲ್ಲೈತ್ರೀ ಮಾಸ್ತರ?"

ಅವರು ತಲೆ ತಗ್ಗಿಸಲಿಲ್ಲ. "ಭತ್ತ ಕೊಯ್ದ ಮ್ಯಾಲ ಬಂದ ಮಕ್ಕಳ ಭಾರಾ ನಮ್ಮ ತಲಿ ಮ್ಯಾಗ ಯಾಕ್ರೀ ಅಕ್ಕಾರ? ವರ್ಷಪೂರ್ತಿ ಕಲಿಸಿದ್ದೆಲ್ಲಾ ನೀರಾಗ ಹೋಗ್ತೈತಿ."

ಶಂಕ್ರಪ್ಪ ಕೆಟ್ಟವರಲ್ಲ. ಕೊನೆಯ ಗಂಟೆ ಬಾರಿಸಿದ ಮೇಲೂ ಕೂತು ಕಲಿಸುತ್ತಿದ್ದ ಮನುಷ್ಯ. ಅವರ ಲೆಕ್ಕವೂ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮಧ್ಯಾಹ್ನದ ಊಟ ಬಡಿಸಿದವಳೇ ಛತ್ರಿ ಹಿಡಿದು ಹೊಲಕ್ಕೆ ನಡೆದೆ.

ಬೀರಪ್ಪನ ಹೆಂಡತಿ ಕುದುರೆಯ ಮೇಲೆ ಹೇರು ಬಿಗಿಯುತ್ತಿದ್ದಳು. ಶಾಲೆಗೆ ಬರಬೇಡಿ ಎಂದ ಮೇಲೆ ಇಲ್ಲಿ ಏನು ಕೆಲಸ, ಮುದಗಲ್ ಕಡೆ ಹೊರಟಿದ್ದೇವೆ ಎಂದ ಬೀರಪ್ಪ. ಬರಬೇಡಿ ಅಂದಿದ್ದು ತಪ್ಪು, ನಾಳೆಯೇ ಕಳಿಸು ಎಂದೆ.

"ಹೊಲದಾಗ ಕೂಳೆ ತೀರೇತ್ರೀ. ಕುರಿ ಎಲ್ಲಿಗೆ ಹೊಕ್ಕಾವ ಅಲ್ಲಿಗೆ ನಾವು. ಸಾಲಿ ನಮ್ಮ ಹಿಂದ ಬರ್ತೈತೇನ್ರೀ?"

 ಮಾಳಮ್ಮ ಒಂದು ಮರಿ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹಿಂದಿರುಗುವ ದಾರಿಯಲ್ಲಿ ಕೂಳೆ ನಿಂತ ಹೊಲಗಳನ್ನು ನೋಡುತ್ತಾ ಬಂದೆ. ಆ ವರ್ಷ ಎರಡನೇ ಬೆಳೆಗೆ ನೀರು ಬಿಟ್ಟಿರಲಿಲ್ಲ, ಎಲ್ಲ ಖಾಲಿ. ಶಾಲೆಯ ಸುತ್ತಲಿನ ಹೊಲವೆಲ್ಲ ಯಾರದು? ನಮ್ಮ ಮಕ್ಕಳ ಅಪ್ಪಂದಿರದೇ. ಹೊಳೆದ ತಕ್ಷಣ ದಾರಿ ಬದಲಿಸಿ ಕ್ಯಾಂಪಿಗೆ ಹೋದೆ.

ಬೀರಪ್ಪನ ಹಿಂಡಿಗೆ ಶಾಲೆಯ ಸುತ್ತಲ ಹೊಲ ಬಿಟ್ಟುಕೊಡಿ ಎಂಬ ನನ್ನ ಮಾತು ಕೇಳಿ ಶಾಲಾ ಸಮಿತಿಯ ಅಧ್ಯಕ್ಷ ಸುಬ್ಬಾರಾವ್ ಜೋರಾಗಿ ನಕ್ಕರು. "ಏಮ್ಮಾ ಟೀಚರಮ್ಮಾ, ಪಾಠ ಬಿಟ್ಟು ಕುರಿ ವ್ಯಾಪಾರಕ್ಕೆ ಇಳಿದ್ರಾ?"

"ನೀವು ಕೂಳೆಗೆ ಬೆಂಕಿ ಹಚ್ಚೋರು. ಅದರ ಬದಲಿ ಗೊಬ್ಬರ ಬಿದ್ರ ನಿಮಗೇನು ಲುಕ್ಸಾನ ಐತ್ರೀ?" ಎಂದೆ.

ನಗು ನಿಲ್ಲಿಸಿ ಯೋಚಿಸಿದರು. ಒಪ್ಪಿದರು. ಅವರು ಹೇಳಿದ ಮೇಲೆ ಪಕ್ಕದ ಹೊಲದವರೂ ಒಪ್ಪಿದರು. ಬೀರಪ್ಪನ ಹೇರು ಇಳಿಯಿತು, ಹಿಂಡು ಒಂದು ಹೊಲದಿಂದ ಮತ್ತೊಂದಕ್ಕೆ ಶಾಲೆಯ ಸುತ್ತಲೇ ತಿರುಗತೊಡಗಿತು. ಪ್ರಾರ್ಥನೆಗೆ ನಮ್ಮ ಜೊತೆ ಕುರಿಗಳೂ ದನಿ ಕೂಡಿಸುತ್ತಿದ್ದವು. ವಾಸನೆಗೆ ಅಡುಗೆಯವರು ನನ್ನನ್ನು ಬೈದುಕೊಂಡರು. ಶಂಕ್ರಪ್ಪನವರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ ಊಟದ ಬಿಡುವಿನಲ್ಲಿ ಮಾಳಮ್ಮನನ್ನು ಕೂರಿಸಿಕೊಂಡು ಓದಿಸುತ್ತಿದ್ದರು. ನಾನು ಕಂಡೂ ಕಾಣದಂತೆ ಹೋದೆ.

ಪರೀಕ್ಷೆಯ ದಿನ ಕಿಟಕಿಯ ಆಚೆ ನಿಂತಿದ್ದೆ. ಮಾಳಮ್ಮ ಬೆರಳಿಟ್ಟು ಮೊದಲ ವಾಕ್ಯ ಮುಗಿಸುವಷ್ಟರಲ್ಲಿ ಅವಳ ಸಮಯ ಮುಗಿಯಿತು. ಪ್ಯಾರಾ ಓದಲು ಬರುವುದಿಲ್ಲ ಎಂದು ಬರೆದುಕೊಂಡರು. ನಮ್ಮ ಸರಾಸರಿ ಕುಸಿಯಿತು. ಸಿಂಧನೂರಿನ ಸಭೆಯಲ್ಲಿ ಅಧಿಕಾರಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಹೋದ ವರ್ಷ ಮ್ಯಾಲಿದ್ರಿ. ಈ ವರ್ಷ ಏನಾತ್ರೀ ಮೇಡಂ?"

"ಹೋದ ವರ್ಷ ಕುರಿಗಾರರ ಮಕ್ಕಳು ಪರೀಕ್ಷಾಕ್ಕ ಇರಲಿಲ್ರೀ ಸರ್. ಈ ವರ್ಷ ಅದಾರ."

ಅವರು ಏನೋ ಹೇಳಹೋಗಿ, "ಕೂಡ್ರಿ," ಎಂದರು. ಚಪ್ಪಾಳೆ ಬೇರೆ ಶಾಲೆಗೆ ಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸರಾಸರಿ ಏರಿಸಲು ಎರಡು ದಾರಿ ಇವೆ: ಮಕ್ಕಳಿಗೆ ಕಲಿಸುವುದು ಒಂದು, ಕಲಿಯದ ಮಕ್ಕಳನ್ನು ಎಣಿಸದೆ ಬಿಡುವುದು ಇನ್ನೊಂದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯಾವ ದಾರಿಯಿಂದ ಬಂದ ಅಂಕಿ ಅದು ಎಂದು ಕೇಳುವುದೇ ಮುಖ್ಯ ಶಿಕ್ಷಕರ ಕೆಲಸವೆಂದು ನನ್ನ ನೌಕರಿ ನನಗೆ ಕಲಿಸಿತು.

ಹಿಂಡು ಹೊರಟ ದಿನ ಬೀರಪ್ಪನಿಗೆ ಇದ್ದದ್ದನ್ನು ಹೇಳಲು ರಸ್ತೆಗೆ ಹೋದೆ. ಮಾಳಮ್ಮ ಪರೀಕ್ಷೆಯಲ್ಲಿ ಪಾಸಾಗಿಲ್ಲ ಎಂದೆ.  ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂದು ಕುರಿಗಳ ನಡುವೆ ಸಿಕ್ಕಿಕೊಂಡಿತು. ಬೀರಪ್ಪ ಬಡಿಗೆಯಿಂದ ಬಸ್ಸಿನ ಬೋರ್ಡು ತೋರಿಸಿ ಮಗಳಿಗೆ, "ಏನೈತಿ ಓದು," ಎಂದ.

"ಲಿಂ... ಗ..." ಎಂದು ಅವಳು ಶುರುಮಾಡಿದಳು. ಡ್ರೈವರ್ ಹಾರ್ನ್ ಹೊಡೆದ. ಕಂಡಕ್ಟರ್ ಕೆಳಗಿಳಿದು ಕುರಿ ಸರಿಸೆಂದು ಕೂಗಿದ. ಬೀರಪ್ಪ ಕದಲಲಿಲ್ಲ.

"ತಡೀರಿ," ಎಂದ. "ನಮ್ಮ ಹುಡುಗಿ ಓದಾಕತ್ತಾಳ."

"...ಸು... ಗೂ... ರು. ಲಿಂಗಸುಗೂರು!"

ಆಮೇಲೆ ಅವನು ಹೋ ಎಂದು ಕೂಗಿ ಕುರಿಗಳನ್ನು ರಸ್ತೆ ಬಿಡಿಸಿದ. ಬಸ್ಸು ಹೋದ ಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲಾನೂ ಸಾಲಿ ಹತ್ರ ಹೊಲ ನೋಡಿ ಇಡ್ರಿ ಅಕ್ಕಾರ," ಎಂದ.