ಚಂದ್ರನ ಮೇಲೆ ಆಡು ಮೇಯುವುದಿಲ್ಲ

ಆಕಾಶದಿಂದ ದೊಡ್ಡ ಕಲ್ಲೊಂದು ಬಂದು ಭೂಮಿಗೆ ಅಪ್ಪಳಿಸುವ ಸಾಧ್ಯತೆ ಎಷ್ಟು ಅಂತ ಯಾರಾದರೂ ನನ್ನನ್ನು ಕೇಳಲಿ ಎಂದು ವರ್ಷಗಳಿಂದ ಕಾಯುತ್ತಿದ್ದೇನೆ. ಉತ್ತರ ರೆಡಿ ಇದೆ. ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರು ಯಾವೂರು ಅಂತಾರೆ, ಮದುವೆ ಯಾವಾಗ ಅಂತಾರೆ. ಉಲ್ಕೆಯ ಸುದ್ದಿ ಮಾತ್ರ ಎತ್ತುವುದಿಲ್ಲ. ಒಂದೇ ಒಂದು ಸಲ ಒಬ್ಬರು ಕೇಳಿದ್ದರು. ಆಗ ನಾನು ತಪ್ಪು ಉತ್ತರ ಕೊಟ್ಟೆ.

ಕೇಳಿದವರು ನನ್ನ ತಾತ. ಗುಂಡ್ಲುಪೇಟೆಯಿಂದ ಹರವೆಯವರೆಗೆ ಯಾರದೇ ಹುಣಸೆಮರವಿರಲಿ, ಎಷ್ಟು ಮೂಟೆ ಹಣ್ಣು ಬಂದೀತು ಅಂತ ಹೇಳಲು ಅವರನ್ನೇ ಕರೆಯುತ್ತಿದ್ದರು. ಅವರ ಉಪಕರಣವೆಂದರೆ ಹೆಗಲ ಮೇಲಿನ ಟವಲ್ಲು. ಮರದಡಿ ನಾಲ್ಕು ಕಡೆ ಅದನ್ನು ಹಾಸಿ, ಅಂಚಿಗೆ ಕಡ್ಡಿಯಿಂದ ಗೆರೆ ಎಳೆದು, ಟವಲ್ಲೆತ್ತಿ, ಗೆರೆಯೊಳಗೆ ಉದುರಿಬಿದ್ದಿದ್ದ ಹಣ್ಣನ್ನು ಎಣಿಸಿ, ಆಮೇಲೆ ತಲೆಯೆತ್ತಿ ಕೊಂಬೆ ನೋಡುತ್ತಿದ್ದರು. ಒಂದೇ ಅಂಕಿಯನ್ನು ಯಾವತ್ತೂ ಹೇಳಿದವರಲ್ಲ. "ಹತ್ತಕ್ಕೆ ಕಮ್ಮಿ ಇಲ್ಲ, ಹನ್ನೆರಡಕ್ಕೆ ಮ್ಯಾಲಿಲ್ಲ" ಅನ್ನುತ್ತಿದ್ದರು, ಮರ ಅದರಂತೆ ನಡೆದುಕೊಳ್ಳುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಾತನ ಕಣ್ಣು ಮಂಜಾಯಿತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅದೇ ವರ್ಷ ಹರವೆಯಲ್ಲಿ ಅಣ್ಣತಮ್ಮಂದಿರಿಬ್ಬರು ಬದುವಿನ ಮೇಲಿನ ಹುಣಸೆಮರಕ್ಕಾಗಿ ಮಾತು ಬಿಟ್ಟಿದ್ದರು. ಮರ ಬಡಿಸುವುದು ಅಣ್ಣ, ತಾತ ಹೇಳಿದ ಅಂದಾಜಿನಲ್ಲಿ ಅರ್ಧ ತಮ್ಮನಿಗೆ ಎಂದು ಊರವರು ತೀರ್ಮಾನ ಮಾಡಿದ್ದರು. ತಾತನ ಮಾತು ತಪ್ಪಿದರೆ ಆ ಇಬ್ಬರೂ ಮತ್ತೆ ಒಂದೇ ಜಗಲಿಯಲ್ಲಿ ಕೂರುವಂತಿರಲಿಲ್ಲ.

ತಾತನ ಜೊತೆ ಆ ಮರ ನೋಡಲು ಹೋಗುವಾಗ ಬಸ್ಸಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಭೂಮಿಯ ಕಡೆ ಬರುವ ಕಲ್ಲುಗಳ ವಿಡಿಯೊಗಳನ್ನು ನೋಡಿ ನೋಡಿ ನಾನು ಆಗಲೇ ಅರ್ಧ ವಿಜ್ಞಾನಿಯಾಗಿದ್ದೆ. ಮರದ ಹತ್ತಿರ ತಾತ ಮೆಲ್ಲಗೆ, "ನೀ ಎಣ್ಸಮ್ಮಿ. ನಾ ಕೊಂಬೆ ನೋಡ್ದಂಗೆ ಮಾಡ್ತೀನಿ" ಅಂದರು.

ಎಣಿಸಿದೆ. "ಟವಲ್ಲಿಗೆ ಆರು, ಏಳು ಬಿದ್ದವೆ ತಾತ."

"ಇಷ್ಟು ದೊಡ್ಡ ಮರಕ್ಕೆ ಅಷ್ಟೇನಾ?"

"ಮೂರ್ ಸಲ ಎಣ್ಸಿವ್ನಿ!"

ತಾತ ಕೊಂಬೆಯೇ ಇಲ್ಲದೆ ಬರೀ ನೀಲಿಯಾಗಿದ್ದ ಆಕಾಶದ ಕಡೆ ಗಂಭೀರವಾಗಿ ನೋಡಿ, "ಏಳಕ್ಕೆ ಕಮ್ಮಿ ಇಲ್ಲ, ಒಂಬತ್ತಕ್ಕೆ ಮ್ಯಾಲಿಲ್ಲ" ಅಂದರು. ನಡುವಿನದು ಎಂಟು, ತಮ್ಮನಿಗೆ ನಾಲ್ಕು ಮೂಟೆ ಅಂತಾಯಿತು.

ಮರ ಬಡಿಸಿದಾಗ ಬಂದದ್ದು ಹದಿನಾಲ್ಕು.

ಕರೆ ಬಂತು, ಮತ್ತೆ ಹೋದೆವು. ತಮ್ಮ ಎಲ್ಲರೆದುರು ಕೂಗಾಡಿದ: "ಏನ್ ಮಾವ, ಮರ ನೋಡುದ್ರಾ, ನಮ್ಮಣ್ಣನ ಮಕ ನೋಡುದ್ರಾ?" ಅಷ್ಟರಲ್ಲಿ ಅಣ್ಣನ ಹೆಂಡತಿ, "ಕೆಳಗ್ ಬಿದ್ದಿದ್ದ ಲೆಕ್ಕ ಇಡಿದ್ರೆ ಏನ್ ಗೊತ್ತಾದದು? ನಮ್ ಆಡ್ಗಳು ದಿನಾ ಅಲ್ಲೇ ಮೇಯ್ತವೆ" ಅಂದಳು. ಎಣಿಸುವಾಗ ನಾನು ನೆಲದ ಮೇಲಿನ ಆಡಿನ ಹಿಕ್ಕೆಗಳನ್ನು ಅಸಹ್ಯದಿಂದ ಕಾಲಲ್ಲಿ ಸರಿಸಿದ್ದು ನೆನಪಾಯಿತು.

ತಾತ ನನ್ನ ಹೆಸರೆತ್ತಲಿಲ್ಲ. "ತಪ್ಪು ನಂದು ಕಣಪ್ಪ. ಕಣ್ಣು ಕಾಣಕಿಲ್ಲ. ಅದ ಹೇಳ್ದೆ ಬಂದ್ಬುಟ್ಟೆ" ಅಂದರು. ಅಣ್ಣನೇ ಎದ್ದು, "ಇನ್ ಮೂರ್ ಮೂಟೆ ಅವನ್ ಗಾಡಿಗ್ ಆಕ್ರುಲಾ" ಅಂದ. ಅಣ್ಣತಮ್ಮಂದಿರ ಜಗಲಿ ಉಳಿಯಿತು. ತಾತನನ್ನು ಮತ್ತೆ ಯಾವ ಮರಕ್ಕೂ ಯಾರೂ ಕರೆಯಲಿಲ್ಲ.

ವಾಪಸ್ ಬರುವಾಗ ನಾನು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ. ತಾತ ಮೊಣಕೈಯಿಂದ ತಿವಿದು, "ಅಮ್ಮಿ, ಆವತ್ತು ಹೇಳ್ತಿದ್ಯಲ್ಲ ಆ ಕಲ್ಲು, ಬೀಳ್ತದಾ?" ಅಂದರು.

"ಬೀಳೋದೇ ಇಲ್ಲ ತಾತ." ಅವರಿಗೆ ಅವತ್ತು ಇನ್ನೊಂದು ಕೆಟ್ಟ ಸುದ್ದಿ ಕೊಡಲು ಮನಸ್ಸಾಗಲಿಲ್ಲ.

ತಾತ ನಕ್ಕರು. "ಅಂಗೆ ಒಂದೇ ಏಟ್ಗೆ ಹೇಳ್ಬ್ಯಾಡ. ಇಷ್ಟಕ್ಕೆ ಕಮ್ಮಿ ಇಲ್ಲ, ಇಷ್ಟಕ್ಕೆ ಮ್ಯಾಲಿಲ್ಲ ಅನ್ನು. ಅದ್ಕೂ ಮದ್ಲು ನೆಲದಲ್ಲಿ ಏನ್ ಮೇದದೆ ನೋಡು."

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳು ಮಾಡುವುದೂ ತಾತನ ಕೆಲಸವನ್ನೇ! ಮುಂದೆ ಎಷ್ಟು ಬೀಳಬಹುದು ಅಂತ ತಿಳಿಯಲು ಇಲ್ಲಿಯವರೆಗೆ ಎಷ್ಟು ಬಿದ್ದಿವೆ ಅಂತ, ಕಲ್ಲು ಬಿದ್ದು ಆದ ಕುಳಿಗಳನ್ನು ಎಣಿಸುತ್ತಾರೆ. ಆದರೆ ನಮ್ಮ ಭೂಮಿಯಲ್ಲಿ ಎಣಿಸಿದರೆ ನನ್ನ ಗತಿಯೇ. ಇಲ್ಲಿ ಮಳೆ ಮೇಯುತ್ತದೆ, ಹೊಳೆ ಮೇಯುತ್ತದೆ, ಕಾಡು ಬೆಳೆದು ಮುಚ್ಚುತ್ತದೆ. ಅದಕ್ಕೇ ಅವರು ಚಂದ್ರನನ್ನು ನೋಡುತ್ತಾರೆ. ಅಲ್ಲಿ ಬಿದ್ದ ಗುರುತು ಬಿದ್ದ ಹಾಗೇ ಇರುತ್ತದೆ.

ನಾನೂ ಬಿಡಲಿಲ್ಲ. ಚಾಮರಾಜನಗರದ ಜೆರಾಕ್ಸ್ ಅಂಗಡಿಯಲ್ಲಿ ಚಂದ್ರನ ಚಿತ್ರ ಪ್ರಿಂಟ್ ಹಾಕಿಸಿ, ಟವಲ್ಲಿನ ಬದಲು ಬಸ್ ಟಿಕೆಟ್ ಇಟ್ಟು, ನಾಲ್ಕು ಕಡೆ ಗೆರೆ ಎಳೆದು ಎಣಿಸಿದೆ. ಸಣ್ಣ ಕುಳಿಗಳಿಗೆ ಲೆಕ್ಕವೇ ಇಲ್ಲ, ದೊಡ್ಡವು ಬೆರಳೆಣಿಕೆ. ಅಂದರೆ ಸಣ್ಣ ಕಲ್ಲುಗಳೇ ಹೆಚ್ಚು; ಮರಳಿನ ಕಾಳಿನಂಥವು ದಿನವೂ ಬಂದು ನಮ್ಮ ಆಕಾಶದಲ್ಲೇ ಉರಿದುಹೋಗುತ್ತವೆ. ಎಲ್ಲವನ್ನೂ ಮುಗಿಸುವಂಥದ್ದು ಲಕ್ಷಾಂತರ ತಲೆಮಾರು ಕಳೆದರೂ ಬರುವುದು ಅಪರೂಪ. ನನ್ನ ಕಾಲದಲ್ಲಿ ಬಹುಮಟ್ಟಿಗೆ ಬೀಳುವುದಿಲ್ಲ. ಬೀಳುವುದೇ ಇಲ್ಲ ಅಂತ ಮಾತ್ರ ಇನ್ನು ಯಾವತ್ತೂ ಹೇಳಲಾರೆ.

ಈ ಉತ್ತರ ಕೇಳಲು ತಾತ ಇಲ್ಲ. ಇದ್ದಿದ್ದರೆ ಪ್ರಿಂಟನ್ನು ಆ ಮಂಜುಕಣ್ಣಿನ ಹತ್ತಿರ ಹಿಡಿದು, ನೋಡಿದಂತೆ ಮಾಡಿ, "ಅಲ್ಲಿ ಆಡ್ ಮೇಯ್ತವಾ?" ಅಂತ ಮೊದಲು ಕೇಳುತ್ತಿದ್ದರು.

ಇಲ್ಲ ತಾತ, ಮೇಯಲ್ಲ. ಇದೊಂದನ್ನು ಮಾತ್ರ ನಾನು ಒಂದೇ ಏಟಿಗೆ ಹೇಳಬಲ್ಲೆ.