ಶಹಾಪುರದ ರೊಟ್ಟಿ

ಹೈದರಾಬಾದಿನ ಬಿಸಿಲಿನಲ್ಲಿ ನಮ್ಮ ವಿಮಾನ ಬಾಗಿಲು ಹಾಕಿಕೊಂಡು ನಿಂತಲ್ಲೇ ನಿಂತಿತ್ತು. ಎ.ಸಿ. ಕೈಕೊಟ್ಟಿತ್ತು. ಯಾವಾಗ ಹೊರಡುತ್ತದೆಂದು ಗಗನಸಖಿಯಾದ ನನಗೂ ಗೊತ್ತಿರಲಿಲ್ಲ. ಬೈಗುಳ ಮಾತ್ರ ಎಲ್ಲ ಸಾಲಿನಿಂದಲೂ ನನಗೇ ಬರುತ್ತಿತ್ತು.

ಸಿಟ್ಟಾಗದೆ ಕೂತಿದ್ದವಳು ಒಬ್ಬಳೇ ಮುದುಕಿ. ಗಂಟು ಬಿಚ್ಚಿ, ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಅಕ್ಕಪಕ್ಕದವರಿಗೆ ಕೊಟ್ಟಳು. ಆ ಸಾಲಾದರೂ ತಣ್ಣಗಾಯಿತು.

"ಯಾವೂರವ್ವ ನಿಂದು?" ಎಂದಳು.

"ಸುರಪುರ್ರಿ."

"ನಾ ಶಹಾಪುರದಾಕಿ. ಮುಂಜಾನಿಂದ ಏನೂ ತಿಂದಂಗ ಕಾಣಂಗಿಲ್ಲ, ತಗೋ" ಎಂದು ನನಗೂ ಒಂದು ರೊಟ್ಟಿ ಚಾಚಿದಳು.

ಹಸಿವೆಯಂತೂ ಇತ್ತು. ಆದರೆ ಮೇಲಿನವರು ನೋಡಿದರೆ ಕೆಲಸಕ್ಕೇ ಕುತ್ತು. "ಬ್ಯಾಡ್ರಿ ಆಯಿ, ಪ್ಯಾಸೆಂಜರ್ ಕೊಟ್ಟದ್ದು ತಿನ್ನಂಗಿಲ್ಲ ಅಂತ ನಮಗ ರೂಲ್ ಐತ್ರಿ" ಅಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ನಮ್ಮ ಕೇರಿಯವ್ರು ಕೊಟ್ಟದ್ದು ತಿನ್ನಂಗಿಲ್ಲ ಅನ್ನೋ ರೂಲ್ ಊರಾಗೂ ಐತಿ, ಬಿಡವ್ವ" ಎಂದು ರೊಟ್ಟಿಯನ್ನು ಮಡಿಚಿ ಗಂಟಿಗೆ ಹಾಕಿದಳು. ಇದು ಆ ರೂಲ್ ಅಲ್ಲ ಅನ್ನಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಚೀರಿದರು, ನಾನು ಅತ್ತ ಓಡಿದೆ.

ಕೊನೆಗೂ ಹಾರಿ, ಹೋಗಬೇಕಾದ ಊರು ಮುಟ್ಟಿದೆವು. ಇಳಿಯುವಾಗ, ಬೈದವರೆಲ್ಲ ನಗುತ್ತ ಥ್ಯಾಂಕ್ಯೂ ಅಂದು ಹೋದರು. ಆಕೆ ಮಾತ್ರ ನನಗೆ ತಾಗಬಾರದೆಂದು ಸೆರಗನ್ನು ಒತ್ತಿ ಹಿಡಿದುಕೊಂಡು, ಬಾಗಿಲ ಆಚೆ ಅಂಚಿಗೆ ಸರಿದು ಇಳಿದಳು.